ಬಂದು ಹೋಗುವ ದೋಷ: ಹಳೆಯ ಯೆಜ್ಡಿ ಬೈಕಿನ ಚಾರ್ಜಿಂಗ್ ಕಲಿಸುವ ಪಾಠ

ಬಿಟ್ಟು ಬಿಟ್ಟು ಬರುವ ಜ್ವರ ವೈದ್ಯರನ್ನು ಕಾಡುತ್ತದೆ. ರಾತ್ರಿಯೆಲ್ಲ ಮೈ ಕಾದ ಹಂಚಿನಂತೆ ಸುಡುತ್ತಿರುತ್ತದೆ. ಬೆಳಿಗ್ಗೆ ಆಸ್ಪತ್ರೆಯಲ್ಲಿ ಸರದಿ ಬರುವ ಹೊತ್ತಿಗೆ ತಣ್ಣಗಾಗಿರುತ್ತದೆ. ಯಂತ್ರಗಳಿಗೂ ಇಂಥ ಜ್ವರ ಬರುವುದುಂಟು. ಪೂರ್ತಿ ಕೆಟ್ಟು ನಿಂತ ಯಂತ್ರವನ್ನು ಸರಿಪಡಿಸುವುದು ಅಷ್ಟು ಕಷ್ಟವಲ್ಲ. ಅದರ ದೋಷ ಕಣ್ಣೆದುರೇ ಇರುತ್ತದೆ. ಒಮ್ಮೆ ಕಾಣಿಸಿಕೊಂಡು ಮತ್ತೊಮ್ಮೆ ಮರೆಯಾಗುವ ದೋಷವನ್ನು ಹಿಡಿಯುವುದು ಕಷ್ಟ. ಅದನ್ನು ಹಿಡಿಯಲು ಒಂದು ಕ್ರಮವಿದೆ. ಆ ಕ್ರಮವನ್ನು ಹಳೆಯ ಮೋಟಾರ್ ಸೈಕಲ್ ಒಂದರ ಮೂಲಕ ಪರಿಚಯ ಮಾಡಿಕೊಳ್ಳೋಣ.

ಹೊಸಪೇಟೆಯ ಒಂದು ಮನೆಯಲ್ಲಿ ತಾತನ ಕಾಲದ ಯೆಜ್ಡಿ ಬೈಕ್ ಇದೆ ಎಂದು ಊಹಿಸಿಕೊಳ್ಳಿ. ಹಂಪಿಗೆ ಹೋಗಿ ಬಂದರೆ ಏನೂ ತೊಂದರೆಯಿಲ್ಲ. ಗದ್ದೆಗಳ ನಡುವೆ ಕಂಪ್ಲಿಯ ಕಡೆ ಹೋದರೂ ತೊಂದರೆಯಿಲ್ಲ. ಆದರೆ ಸಂಡೂರಿನ ಕಡೆ ಹೊರಟು, ಅರ್ಧ ಗಂಟೆ ಓಡಿ, ಗುಡ್ಡದ ಏರು ಹತ್ತತೊಡಗಿದ ಮೇಲೆ ಮುಂದಿರುವ ಕೆಂಪು ದೀಪ ಮಿಣುಕಲು ಆರಂಭಿಸುತ್ತದೆ. ಸಂಜೆ ಹಿಂತಿರುಗುವಾಗ ಹೆಡ್‌ಲೈಟ್ ಮಂಕಾಗುತ್ತದೆ, ಹಾರ್ನ್ ಗಂಟಲು ಕಟ್ಟಿದಂತೆ ನರಳುತ್ತದೆ, ಕೊನೆಗೆ ಇಂಜಿನ್ನೇ ತಡವರಿಸುತ್ತದೆ. ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ಮರುದಿನ ಮೆಕ್ಯಾನಿಕ್ ಬಳಿ ಒಯ್ದರೆ ಎಲ್ಲವೂ ಸರಿಯಾಗಿದೆ! ಅದಿರಿನ ಲಾರಿಗಳು ಓಡಾಡುವ ಆ ದಾರಿಯಲ್ಲಿ ಕತ್ತಲಾದ ಮೇಲೆ ದೀಪವಿಲ್ಲದೆ ನಿಲ್ಲುವುದು ಎಷ್ಟು ಅಪಾಯವೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಈ ದೋಷವನ್ನು ಕಂಡುಹಿಡಿಯಲೇಬೇಕು. ಹೇಗೆ?

ಮೈಸೂರಿನ ಬೈಕು

ಮೊದಲು ಈ ವಾಹನದ ಬಗ್ಗೆ ಎರಡು ಮಾತು. ಚೆಕೊಸ್ಲೊವಾಕಿಯಾದ ಜಾವಾ ಮೋಟಾರ್ ಸೈಕಲ್‌ಗಳನ್ನು ನಮ್ಮಲ್ಲಿ ತಯಾರಿಸಲು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಸ್ಥಾಪನೆಯಾಯಿತು. ಫಾರೂಖ್ ಇರಾನಿ ಅವರು ಇದರ ಸ್ಥಾಪಕರು. 1961ರಲ್ಲಿ ಉತ್ಪಾದನೆ ಆರಂಭವಾಯಿತು. 1973ರಿಂದ ಬೈಕುಗಳು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಇತ್ತೀಚೆಗೆ ಬೇರೊಂದು ಕಂಪನಿ 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳನ್ನು ಮತ್ತೆ ಬಳಕೆಗೆ ತಂದಿದೆ. ಆದರೆ ಅವು ಹೊಸ ವಿನ್ಯಾಸದ ನಾಲ್ಕು ಸ್ಟ್ರೋಕ್ ಇಂಜಿನ್ನಿನ ಬೈಕುಗಳು. ನಾವು ಮಾತನಾಡುತ್ತಿರುವುದು ಮೈಸೂರಿನಲ್ಲಿ ತಯಾರಾದ ಎರಡು ಸ್ಟ್ರೋಕ್‌ನ, 6 ವೋಲ್ಟ್ ಡೈನಮೋ ಇರುವ ಹಳೆಯ ಬೈಕುಗಳ ಬಗ್ಗೆ.

ಕಾರ್ಖಾನೆ ಮುಚ್ಚಿ ದಶಕಗಳಾದುದರಿಂದ ಇವುಗಳ ಮೂಲ ಬಿಡಿಭಾಗಗಳು ಸುಲಭವಾಗಿ ಸಿಗುವುದಿಲ್ಲ. ಅನುಮಾನದ ಮೇಲೆ ಒಂದೊಂದೇ ಭಾಗವನ್ನು ಬದಲಾಯಿಸುತ್ತಾ ಹೋದರೆ ಚೆನ್ನಾಗಿದ್ದ ಹಳೆಯ ಭಾಗವೂ ಹೋಗುತ್ತದೆ, ದುಡ್ಡೂ ಹೋಗುತ್ತದೆ, ದೋಷ ಮಾತ್ರ ಉಳಿಯುತ್ತದೆ. ಅಳೆದು ನೋಡಿ ತೀರ್ಮಾನಿಸುವುದು ಇಲ್ಲಿ ಅನಿವಾರ್ಯ.

ಇಂಜಿನ್ನಿನ ಬದಿಯಲ್ಲೊಂದು ವಿದ್ಯುದಾಗಾರ

ತುಂಗಭದ್ರಾ ಅಣೆಕಟ್ಟಿನ ವಿದ್ಯುದಾಗಾರದಲ್ಲಿ ನೀರಿನ ರಭಸಕ್ಕೆ ಟರ್ಬೈನ್ ತಿರುಗುತ್ತದೆ, ಅದರೊಡನೆ ಜನರೇಟರ್ ತಿರುಗಿ ವಿದ್ಯುತ್ ಹುಟ್ಟುತ್ತದೆ. ಬೈಕಿನಲ್ಲಿ ನೀರಿನ ಕೆಲಸವನ್ನು ಇಂಜಿನ್ ಮಾಡುತ್ತದೆ. ಎರಡರ ಹಿಂದಿರುವುದೂ ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ತತ್ತ್ವವೇ: ಕಾಂತಕ್ಷೇತ್ರ ಮತ್ತು ತಂತಿಯ ಸುರುಳಿ ಒಂದಕ್ಕೊಂದು ಸಾಪೇಕ್ಷವಾಗಿ ಚಲಿಸಿದಾಗ ಸುರುಳಿಯಲ್ಲಿ ವಿದ್ಯುತ್ ಪ್ರೇರಣೆಯಾಗುತ್ತದೆ.

ಜಾವಾ, ಯೆಜ್ಡಿಗಳಲ್ಲಿ ಕ್ರ್ಯಾಂಕ್ ದಂಡದ ಬಲತುದಿಗೆ ಆರ್ಮೆಚರ್ ಎಂಬ ಸುರುಳಿಗಳ ಉರುಳೆಯನ್ನು ನೇರವಾಗಿ ಕೂರಿಸಲಾಗಿದೆ. ಅದರ ಸುತ್ತ ಸ್ಥಿರವಾಗಿ ನಿಂತ ಕ್ಷೇತ್ರ ಸುರುಳಿಗಳು, ಅಂದರೆ ಫೀಲ್ಡ್ ಕಾಯಿಲ್‌ಗಳು ಇವೆ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಆರ್ಮೆಚರ್ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಅದರಲ್ಲಿ ಹುಟ್ಟುವುದು ದಿಕ್ಕು ಬದಲಿಸುವ ವಿದ್ಯುತ್ತು. ಬ್ಯಾಟರಿಗೆ ಬೇಕಾದುದು ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್ತು. ಈ ಬದಲಾವಣೆ ಮಾಡುವುದು ಕಮ್ಯುಟೇಟರ್ ಎಂಬ ತಾಮ್ರದ ಪಟ್ಟಿಗಳ ಉಂಗುರ. ತಿರುಗುತ್ತಿರುವ ಈ ಉಂಗುರದ ಮೇಲೆ ಸ್ಪ್ರಿಂಗಿನ ಒತ್ತಡದಿಂದ ಒರಗಿ ನಿಂತ ಕಾರ್ಬನ್ ಬ್ರಷ್‌ಗಳು ವಿದ್ಯುತ್ತನ್ನು ಹೊರಗೆ ತರುತ್ತವೆ.

ಇಲ್ಲಿಂದ ವಿದ್ಯುತ್ತು ರೆಗ್ಯುಲೇಟರ್‌ಗೆ ಹೋಗುತ್ತದೆ. ಅದಕ್ಕೆ ಎರಡು ಕೆಲಸ. ಇಂಜಿನ್ ವೇಗ ಹೆಚ್ಚಿದಾಗ ವೋಲ್ಟೇಜ್ ಮಿತಿ ಮೀರದಂತೆ ಕ್ಷೇತ್ರ ಸುರುಳಿಯ ಪ್ರವಾಹವನ್ನು ಹತೋಟಿಯಲ್ಲಿಡುವುದು ಒಂದು. ಇಂಜಿನ್ ನಿಂತಾಗ ಬ್ಯಾಟರಿಯಲ್ಲಿ ಕೂಡಿಟ್ಟ ವಿದ್ಯುತ್ತು ಡೈನಮೋದ ಕಡೆಗೆ ಹಿಮ್ಮುಖವಾಗಿ ಹರಿದು ಹೋಗದಂತೆ ಬಾಗಿಲು ಮುಚ್ಚುವುದು ಇನ್ನೊಂದು. ಈ ಬಾಗಿಲಿಗೆ ಕಟೌಟ್ ಎಂದು ಹೆಸರು. ಕಟೌಟ್ ದಾಟಿದ ವಿದ್ಯುತ್ತು ಫ್ಯೂಸ್, ಸ್ವಿಚ್ಚುಗಳ ಮೂಲಕ ಬ್ಯಾಟರಿಯನ್ನೂ ದೀಪಗಳನ್ನೂ ಸೇರುತ್ತದೆ. ಹಿಂತಿರುಗುವ ದಾರಿಗೆ ಬೇರೆ ತಂತಿಯಿಲ್ಲ. ಬೈಕಿನ ಲೋಹದ ಚೌಕಟ್ಟೇ ಆ ದಾರಿ. ಮೆಕ್ಯಾನಿಕ್‌ಗಳು ಇದನ್ನು ಅರ್ತ್ ಎನ್ನುತ್ತಾರೆ.

ಸ್ಪಾರ್ಕ್ ಪ್ಲಗ್ಗಿನ ಕಿಡಿಗೂ ಬೇಕಾದುದು ಇದೇ ಬ್ಯಾಟರಿ ಎಂಬುದನ್ನು ನೆನಪಿಡಿ. ಚಾರ್ಜಿಂಗ್ ನಿಂತರೆ ಮೊದಲು ದೀಪ ಮಂಕಾಗುತ್ತದೆ, ಆಮೇಲೆ ಇಂಜಿನ್ ನಿಲ್ಲುತ್ತದೆ.

ಕೆಂಪು ದೀಪದ ಸಾಕ್ಷ್ಯ

ಕೀಲಿ ತಿರುಗಿಸಿದಾಗ ಹೊತ್ತಿಕೊಳ್ಳುವ ಕೆಂಪು ದೀಪ ಬಹಳ ಉಪಯುಕ್ತ ಸಾಧನ. ಈ ದೀಪದ ಒಂದು ತುದಿ ಬ್ಯಾಟರಿಯ ಕಡೆಗೂ ಇನ್ನೊಂದು ತುದಿ ಡೈನಮೋದ ಕಡೆಗೂ ಸೇರಿದೆ. ಇಂಜಿನ್ ನಿಂತಿರುವಾಗ ಬ್ಯಾಟರಿಯ ಕಡೆ 6 ವೋಲ್ಟ್, ಡೈನಮೋದ ಕಡೆ ಸೊನ್ನೆ. ವಿಭವಾಂತರ ಇರುವುದರಿಂದ ದೀಪ ಉರಿಯುತ್ತದೆ. ಇಂಜಿನ್ ವೇಗ ಪಡೆದು ಡೈನಮೋ ವಿದ್ಯುತ್ ಉತ್ಪಾದಿಸತೊಡಗಿದಾಗ ಎರಡೂ ತುದಿಗಳ ವಿಭವ ಸಮನಾಗುತ್ತದೆ, ದೀಪ ಆರುತ್ತದೆ. ದೀಪ ಆರಿದೆ ಎಂದರೆ ಡೈನಮೋ ಕೆಲಸ ಮಾಡುತ್ತಿದೆ ಎಂದರ್ಥ.

ಇದರಿಂದ ಕೆಲವು ತೀರ್ಮಾನಗಳು ಸಾಧ್ಯ.

ಒಂದು: ಕೀಲಿ ತಿರುಗಿಸಿದರೂ ದೀಪ ಹೊತ್ತದಿದ್ದರೆ, ಬಲ್ಬ್ ಸುಟ್ಟಿರಬಹುದು, ಇಲ್ಲವೇ ಬ್ರಷ್ ಕಮ್ಯುಟೇಟರನ್ನು ಮುಟ್ಟದೇ ಇರಬಹುದು. ದೀಪದ ಮೂಲಕ ಹರಿಯುವ ವಿದ್ಯುತ್ತು ಬ್ರಷ್‌ಗಳನ್ನು ದಾಟಿಯೇ ಹೋಗಬೇಕಲ್ಲವೇ?

ಎರಡು: ವೇಗವಾಗಿ ಹೋಗುವಾಗ ದೀಪ ಮಿಣುಕಿದರೆ ಡೈನಮೋದ ಉತ್ಪಾದನೆಯೇ ಏರಿಳಿಯುತ್ತಿದೆ. ತಪ್ಪು ಡೈನಮೋದಲ್ಲಿರಬಹುದು ಅಥವಾ ಅದರ ಕ್ಷೇತ್ರ ಸುರುಳಿಯನ್ನು ಹತೋಟಿಯಲ್ಲಿಡುವ ರೆಗ್ಯುಲೇಟರಿನಲ್ಲಿರಬಹುದು.

ಮೂರು: ದೀಪ ಸರಿಯಾಗಿ ಆರುತ್ತದೆ, ಆದರೂ ಬ್ಯಾಟರಿ ಇಳಿಯುತ್ತದೆ ಎಂದಾದರೆ ಡೈನಮೋದ ಆಚೆಗೆ ಹುಡುಕಬೇಕು: ಕಟೌಟ್, ಫ್ಯೂಸ್, ತಂತಿ, ಬ್ಯಾಟರಿ.

ದೋಷವೋ, ಸ್ವಭಾವವೋ?

ಕಾಣುವುದೆಲ್ಲ ದೋಷವಲ್ಲ. ಇಂಜಿನ್ ನಿಧಾನವಾಗಿ ಓಡುವಾಗ ಈ ಡೈನಮೋ ಸಾಕಷ್ಟು ವಿದ್ಯುತ್ ಕೊಡುವುದಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಕೆಂಪು ದೀಪ ಹೊತ್ತಿದರೆ ಗಾಬರಿ ಬೇಡ.

ಇನ್ನೊಂದು ಸರಳ ಲೆಕ್ಕವಿದೆ. ಡೈನಮೋದ ಸಾಮರ್ಥ್ಯ 45 ವ್ಯಾಟ್. ಹೆಡ್‌ಲೈಟಿಗೆ 25, ಹಿಂದಿನ ದೀಪಕ್ಕೆ 5, ಕಿಡಿಗೆ 15 ವ್ಯಾಟ್ ಬೇಕೆಂದು ಇಟ್ಟುಕೊಳ್ಳಿ. ಒಟ್ಟು 45. ಬ್ಯಾಟರಿಗೆ ಉಳಿಯುವುದೇನು? ಏನೂ ಇಲ್ಲ! ಇಂಥ ಬೈಕಿಗೆ ಬೆಳಕು ಹೆಚ್ಚಲೆಂದು 35 ವ್ಯಾಟ್ ಬಲ್ಬ್ ಹಾಕಿದರೆ ಪ್ರತಿ ರಾತ್ರಿಯೂ ಬ್ಯಾಟರಿ ಸ್ವಲ್ಪ ಸ್ವಲ್ಪವೇ ಬರಿದಾಗುತ್ತದೆ. ಇದು ಬಂದು ಹೋಗುವ ದೋಷದಂತೆ ಕಂಡರೂ ಆದಾಯಕ್ಕಿಂತ ಖರ್ಚು ಹೆಚ್ಚಾದ ಮನೆಯ ಕತೆ. ಆದ್ದರಿಂದ ಹುಡುಕಾಟಕ್ಕೆ ಮೊದಲು ಬಲ್ಬುಗಳ ಮೇಲೆ ಬರೆದಿರುವ ವ್ಯಾಟ್ ಓದಿಕೊಳ್ಳಬೇಕು.

ಬಂದು ಹೋಗುವುದೇಕೆ?

ಯಾವ ದೋಷವೂ ಮನಸ್ಸು ಬಂದಾಗ ಬಂದು ಹೋಗುವುದಿಲ್ಲ. ಅದಕ್ಕೊಂದು ಸಂದರ್ಭ ಬೇಕು. ಬೈಕಿನ ಮಟ್ಟಿಗೆ ಮುಖ್ಯ ಸಂದರ್ಭಗಳು ನಾಲ್ಕು: ಶಾಖ, ಅಲುಗಾಟ, ಇಂಜಿನ್ನಿನ ವೇಗ ಮತ್ತು ವಿದ್ಯುತ್ ಹೊರೆ. ಮಳೆಗಾಲದಲ್ಲಿ ತೇವವನ್ನೂ ಸೇರಿಸಿಕೊಳ್ಳಬೇಕು.

ಶಾಖದ ಪಾತ್ರವನ್ನು ಓಮ್‌ನ ನಿಯಮದಿಂದ ಅರಿಯಬಹುದು. ಸಡಿಲವಾದ ಅಥವಾ ತುಕ್ಕು ಹಿಡಿದ ಒಂದು ಜೋಡಣೆಯ ರೋಧ ಕೇವಲ 0.1 ಓಮ್ ಎಂದುಕೊಳ್ಳಿ. ಅದರಲ್ಲಿ 6 ಆಂಪಿಯರ್ ಹರಿದರೆ ಅಲ್ಲೇ 0.6 ವೋಲ್ಟ್ ಸೋರಿ ಹೋಗುತ್ತದೆ. ಡೈನಮೋದಿಂದ 7.2 ವೋಲ್ಟ್ ಹೊರಟರೆ ಬ್ಯಾಟರಿಗೆ ತಲುಪುವುದು 6.6 ಮಾತ್ರ, ಇಷ್ಟರಲ್ಲಿ ಬ್ಯಾಟರಿ ಪೂರ್ತಿ ತುಂಬುವುದಿಲ್ಲ. ಜೊತೆಗೆ ಆ ಜೋಡಣೆಯಲ್ಲಿ 3.6 ವ್ಯಾಟ್ ಶಾಖ ಹುಟ್ಟುತ್ತದೆ. ಶಾಖದಿಂದ ಲೋಹ ಹಿಗ್ಗಿ, ಜೋಡಣೆ ಮತ್ತಷ್ಟು ಸಡಿಲವಾಗಿ, ರೋಧ ಹೆಚ್ಚುತ್ತದೆ. ತಣ್ಣಗಾದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ಮೆಕ್ಯಾನಿಕ್ ನೋಡುವ ಹೊತ್ತಿಗೆ ದೋಷ ಮಾಯ!

12 ವೋಲ್ಟಿನ ಬೈಕುಗಳಲ್ಲಿ ಅಷ್ಟೇ ಸಾಮರ್ಥ್ಯಕ್ಕೆ ಅರ್ಧದಷ್ಟು ಪ್ರವಾಹ ಸಾಕು. ಆದ್ದರಿಂದ ಇದೇ ಕೆಟ್ಟ ಜೋಡಣೆ ಅಲ್ಲಿ ಅಷ್ಟು ತೊಂದರೆ ಕೊಡುವುದಿಲ್ಲ. 6 ವೋಲ್ಟಿನ ಬೈಕು ಸಡಿಲ ಜೋಡಣೆಯನ್ನು ಸಹಿಸುವುದೇ ಇಲ್ಲ.

ಹುಡುಕುವ ಕ್ರಮ

ಮೊದಲ ಸಾಧನ ಒಂದು ನೋಟ್‌ಬುಕ್. ದೀಪ ಮಿಣುಕಿದಾಗ ಎಷ್ಟು ಹೊತ್ತು ಓಡಿತ್ತು, ರಸ್ತೆ ಹೇಗಿತ್ತು, ಯಾವ ಗೇರು, ಹೆಡ್‌ಲೈಟ್ ಉರಿಯುತ್ತಿತ್ತೇ, ಹ್ಯಾಂಡಲ್ ತಿರುಗಿಸುವಾಗ ಆಯಿತೇ ಎಂಬುದನ್ನು ಬರೆದಿಡಿ. ನಾಲ್ಕಾರು ಬಾರಿ ಬರೆದ ಮೇಲೆ ಒಂದು ಸಂದರ್ಭ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಎರಡನೆಯದು ಬ್ಯಾಟರಿಯ ಪರೀಕ್ಷೆ. ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದ ಒಳ್ಳೆಯ 6 ವೋಲ್ಟ್ ಬ್ಯಾಟರಿ ಸುಮಾರು 6.3ರಿಂದ 6.4 ವೋಲ್ಟ್ ತೋರಿಸುತ್ತದೆ. ಹೆಡ್‌ಲೈಟ್ ಹೊತ್ತಿಸಿದಾಗ ಸ್ವಲ್ಪ ಇಳಿಯುವುದು ಸಹಜ; ಥಟ್ಟನೆ ಕುಸಿದರೆ ಬ್ಯಾಟರಿಯೇ ಅಪರಾಧಿ. ಅದರೊಳಗೆ 2 ವೋಲ್ಟಿನ ಮೂರು ಕೋಶಗಳಿವೆ. ಒಂದು ಕೋಶದ ಒಳಜೋಡಣೆ ಬಿರುಕು ಬಿಟ್ಟಿದ್ದರೂ ಇಂಥ ಆಟ ಆಡುತ್ತದೆ.

ಮೂರನೆಯದು, ಬೈಕನ್ನು ಮಧ್ಯದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಇಂಜಿನ್ನನ್ನು ಮಧ್ಯಮ ವೇಗದಲ್ಲಿ ಓಡಿಸಿ ಬ್ಯಾಟರಿಯ ತುದಿಗಳಲ್ಲಿ ಅಳೆಯುವುದು. ವೋಲ್ಟೇಜ್ 7ರ ಆಸುಪಾಸಿಗೆ ಏರಬೇಕು. ಅಂಕೆ ತೋರಿಸುವ ಮೀಟರಿಗಿಂತ ಮುಳ್ಳಿರುವ ಹಳೆಯ ಮೀಟರ್ ಈ ಕೆಲಸಕ್ಕೆ ಮೇಲು. ಕ್ಷಣಕಾಲದ ಏರಿಳಿತದಲ್ಲಿ ಅಂಕೆಗಳು ಗೊಂದಲ ಮಾಡುತ್ತವೆ; ಮುಳ್ಳು ನಡುಗಿದ್ದು ಮಾತ್ರ ಕಣ್ಣಿಗೆ ಕಾಣುತ್ತದೆ.

ನಾಲ್ಕನೆಯದು, ದಾರಿಯನ್ನು ಎರಡು ಭಾಗ ಮಾಡುವುದು. ಡೈನಮೋದ ಹೊರತುದಿಯಲ್ಲೂ ಬ್ಯಾಟರಿಯಲ್ಲೂ ಅಳೆದು ನೋಡಿ. ಡೈನಮೋದಲ್ಲಿ ಸ್ಥಿರವಾಗಿದ್ದು ಬ್ಯಾಟರಿಯಲ್ಲಿ ಏರಿಳಿದರೆ ದೋಷ ನಡುವಿನ ದಾರಿಯಲ್ಲಿದೆ. ಡೈನಮೋದಲ್ಲೇ ಏರಿಳಿದರೆ ನಡುವಿನ ತಂತಿಗಳನ್ನು ಬಿಚ್ಚುವ ಶ್ರಮ ಉಳಿಯಿತು. ಒಂದೇ ಪರೀಕ್ಷೆಯಿಂದ ಹುಡುಕಾಟ ಅರ್ಧವಾಗುತ್ತದೆ. ಉಳಿದ ಅರ್ಧವನ್ನೂ ಹೀಗೆಯೇ ಭಾಗ ಮಾಡುತ್ತ ಹೋಗಬಹುದು.

ಐದನೆಯದು ಅರ್ತ್ ಪರೀಕ್ಷೆ. ಇಂಜಿನ್ ಓಡುತ್ತಾ ದೀಪಗಳು ಉರಿಯುತ್ತಿರುವಾಗ ಡೈನಮೋದ ಮೈಗೂ ಬ್ಯಾಟರಿಯ ಅರ್ತ್ ತುದಿಗೂ ನಡುವೆ ಅಳೆಯಿರಿ. 0.2 ವೋಲ್ಟಿಗಿಂತ ಹೆಚ್ಚಿದ್ದರೆ ಹಿಂತಿರುಗುವ ದಾರಿಯಲ್ಲಿ ಅಡ್ಡಿ ಇದೆ. ಹಳೆಯ ಬೈಕಿಗೆ ಹೊಸದಾಗಿ ಬಣ್ಣ ಹೊಡೆಸಿದಾಗ ಅರ್ತ್ ತಂತಿಯ ನಟ್ಟಿನ ಕೆಳಗೂ ಬಣ್ಣ ಕೂತಿರುತ್ತದೆ. ಬಣ್ಣ ವಿದ್ಯುತ್ತಿಗೆ ಗೋಡೆ.

ಆರನೆಯದು ಅಲುಗಿಸುವ ಪರೀಕ್ಷೆ. ಮೀಟರಿನ ಮೇಲೆ ಕಣ್ಣಿಟ್ಟು ಒಂದೊಂದೇ ಜಾಗವನ್ನು ಮುಟ್ಟಿ ನೋಡಿ. ಹ್ಯಾಂಡಲ್ ತಿರುಗುವ ಕಡೆ ತಂತಿಗಳು ವರ್ಷಗಟ್ಟಲೆ ಬಾಗಿ, ಮೇಲಿನ ಹೊದಿಕೆ ಚೆನ್ನಾಗಿದ್ದೂ ಒಳಗಿನ ಎಳೆಗಳು ತುಂಡಾಗಿರಬಹುದು. ಫ್ಯೂಸ್ ಹಿಡಿದಿಡುವ ಕ್ಲಿಪ್ ಸಡಿಲವಾಗಿರಬಹುದು. ರೆಗ್ಯುಲೇಟರಿನ ಮೇಲೆ, ಡೈನಮೋದ ಮುಚ್ಚಳದ ಮೇಲೆ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಯಾವ ಜಾಗ ಮುಟ್ಟಿದಾಗ ಮುಳ್ಳು ಕುಸಿಯುತ್ತದೋ ಅಲ್ಲಿದೆ ಕಳ್ಳ.

ಸಂಡೂರು ರಸ್ತೆಯ ಬೈಕಿಗೆ ಏನಾಗಿತ್ತು?

ಈಗ ನಮ್ಮ ಕಲ್ಪನೆಯ ಬೈಕಿಗೆ ಮರಳೋಣ. ನೋಟ್‌ಬುಕ್ಕಿನ ಪ್ರಕಾರ ದೀಪ ಮಿಣುಕಿದ್ದು ಅರ್ಧ ಗಂಟೆಯ ಓಟದ ನಂತರ, ಕುಲುಕುವ ರಸ್ತೆಯಲ್ಲಿ. ಕಂಪ್ಲಿಯ ಕಡೆ ಅಷ್ಟೇ ಹೊತ್ತು ಓಡಿದರೂ ಮಿಣುಕಿರಲಿಲ್ಲ. ಅಂದರೆ ಶಾಖವೊಂದೇ ಸಾಲದು, ಜೊತೆಗೆ ಅಲುಗಾಟವೂ ಬೇಕು. ಹಂಪಿ ಹತ್ತಿರ, ಅಲ್ಲಿಗೆ ಹೋಗುವಷ್ಟರಲ್ಲಿ ಇಂಜಿನ್ ಪೂರ್ತಿ ಕಾಯುವುದಿಲ್ಲ.

ಲಕ್ಷಣ ಕೇಳಿದವರೆಲ್ಲ ರೆಗ್ಯುಲೇಟರ್ ಬದಲಾಯಿಸಿ ಎಂದರು ಎನ್ನೋಣ. ಅದು ಅಸಾಧ್ಯವಾದ ಊಹೆಯೇನಲ್ಲ. ಆದರೆ ಊಹೆಯನ್ನು ಪರೀಕ್ಷೆಗೆ ಒಡ್ಡಬೇಕು. ತಣ್ಣಗಿರುವ ಬೈಕನ್ನು ಅಳೆದು ಫಲವಿಲ್ಲ. ಅದೇ ದಾರಿಯಲ್ಲಿ ಓಡಿಸಿ, ಸುರಕ್ಷಿತವಾದ ಜಾಗದಲ್ಲಿ ರಸ್ತೆಯಿಂದ ದೂರ ನಿಲ್ಲಿಸಿ, ಬಿಸಿಯಿರುವಾಗಲೇ ಅಳೆಯಬೇಕು. ಗಾಳಿಯಿಂದ ತಣಿಯುವ ಇಂಜಿನ್ನನ್ನು ನಿಂತಲ್ಲೇ ಬಹಳ ಹೊತ್ತು ಓಡಿಸಿ ಕಾಯಿಸಬಾರದು. ಪಿಸ್ಟನ್ ಹಿಡಿದುಕೊಳ್ಳುವ ಅಪಾಯವಿದೆ. ನಿಂತ ಮೇಲೆ ಒಂದೆರಡು ನಿಮಿಷದ ಪರೀಕ್ಷೆ ಸಾಕು.

ಡೈನಮೋದ ತುದಿಯಲ್ಲೇ ಮುಳ್ಳು ಆಗಾಗ ನಡುಗಿತು. ಆದ್ದರಿಂದ ಬ್ಯಾಟರಿಯ ಕಡೆಯ ತಂತಿಗಳು ನಿರಪರಾಧಿಗಳು. ರೆಗ್ಯುಲೇಟರನ್ನು ತಟ್ಟಿದಾಗ ಏನೂ ಆಗಲಿಲ್ಲ. ಅದರ ತಂತಿಗಳನ್ನು ಅಲುಗಿಸಿದಾಗಲೂ ಏನೂ ಆಗಲಿಲ್ಲ. ಬಲಬದಿಯ ಮುಚ್ಚಳವನ್ನು ತಟ್ಟಿದಾಗ ಮುಳ್ಳು ಕುಸಿಯಿತು, ಕೆಂಪು ದೀಪ ಹೊತ್ತಿತು.

ಇಂಜಿನ್ ನಿಲ್ಲಿಸಿ, ತಣಿದ ಮೇಲೆ ಬ್ಯಾಟರಿ ಬಿಚ್ಚಿ, ಮುಚ್ಚಳ ತೆಗೆದಾಗ ಕಂಡದ್ದೇನು? ಕಾರ್ಬನ್ ಬ್ರಷ್‌ಗಳು ಸವೆದಿರಲಿಲ್ಲ, ಉದ್ದ ಸರಿಯಾಗಿಯೇ ಇತ್ತು. ಆದರೆ ಒಂದು ಬ್ರಷ್ ತನ್ನ ಗೂಡಿನಲ್ಲಿ ಸರಾಗವಾಗಿ ಜಾರುತ್ತಿರಲಿಲ್ಲ. ಅದಿರಿನ ನಾಡಿನ ಕೆಂಪು ಧೂಳು, ಬ್ರಷ್ ಸವೆದ ಕಪ್ಪು ಪುಡಿ, ಒಳಗಿನಿಂದ ಜಿನುಗಿದ ಎಣ್ಣೆ ಮೂರೂ ಸೇರಿ ಗೂಡಿನಲ್ಲಿ ಮೇಣದಂಥ ಪದರ ಕಟ್ಟಿದ್ದವು. ಬಿಸಿಯಾದಾಗ ಬ್ರಷ್ ಗೂಡಿನಲ್ಲಿ ಬಿಗಿಯಾಗುತ್ತಿತ್ತು. ರಸ್ತೆಯ ಕುಲುಕಾಟಕ್ಕೆ ಕಮ್ಯುಟೇಟರಿನಿಂದ ಎಗರಿದ ಬ್ರಷ್ಷನ್ನು ಸ್ಪ್ರಿಂಗ್ ತಕ್ಷಣ ಹಿಂದಕ್ಕೆ ಒತ್ತಲಾಗುತ್ತಿರಲಿಲ್ಲ. ಪೆಟ್ರೋಲಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಗೂಡನ್ನೂ ಕಮ್ಯುಟೇಟರನ್ನೂ ಒರೆಸಿ, ಪೂರ್ತಿ ಒಣಗಿಸಿ ಜೋಡಿಸಿದರೆ ಕೆಲಸ ಮುಗಿಯಿತು. ಹೊಸ ಭಾಗಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ರೆಗ್ಯುಲೇಟರ್ ಉಳಿಯಿತು.

ಆದರೆ ಎಣ್ಣೆ ಅಲ್ಲಿಗೆ ಬಂದದ್ದು ಹೇಗೆ? ಕ್ರ್ಯಾಂಕ್ ದಂಡದ ಎಣ್ಣೆ ಸೀಲು ಹಳತಾಗಿರಬೇಕು. ಅದನ್ನು ಬದಲಿಸದಿದ್ದರೆ ದೋಷ ಮರಳುತ್ತದೆ. ಇನ್ನೂ ಒಂದು ಅಂಶವನ್ನು ಪರೀಕ್ಷಿಸಬೇಕು. ಆರ್ಮೆಚರಿಗೆ ಇಲ್ಲಿ ಸ್ವಂತ ಬೇರಿಂಗ್ ಇಲ್ಲ. ಅದು ಕ್ರ್ಯಾಂಕ್ ದಂಡದ ಮೇಲೆಯೇ ಕೂತಿದೆ. ಕ್ರ್ಯಾಂಕಿನ ಬೇರಿಂಗ್ ಸವೆದರೆ ಆರ್ಮೆಚರ್ ಓಲಾಡುತ್ತದೆ, ಬ್ರಷ್ ಕುಣಿಯುತ್ತದೆ. ವಿದ್ಯುತ್ತಿನ ದೋಷದ ಬೇರು ಹೀಗೆ ಯಂತ್ರದ ಸವೆತದಲ್ಲಿ ಇರುವುದೂ ಉಂಟು.

ದುರಸ್ತಿಯಾಯಿತು ಎಂದು ಹೇಳುವುದು ಯಾವಾಗ? ಊರೊಳಗೆ ಒಂದು ಸುತ್ತು ಹೊಡೆದು ಬಂದರೆ ಸಾಲದು. ಅಲ್ಲಿ ದೋಷ ಮೊದಲೂ ಇರಲಿಲ್ಲ. ಅದೇ ಸಂಡೂರು ರಸ್ತೆಯಲ್ಲಿ, ಅಷ್ಟೇ ಹೊತ್ತು, ಹಗಲು ಹೊತ್ತಿನಲ್ಲಿ ಹೆಡ್‌ಲೈಟ್ ಹಾಕಿಕೊಂಡು ಹಲವು ಬಾರಿ ಓಡಿಸಿದಾಗಲೂ ಕೆಂಪು ದೀಪ ಹೊತ್ತದಿದ್ದರೆ ಮಾತ್ರ ದೋಷ ಹೋಯಿತು ಎನ್ನಬಹುದು.

ಕೆಲವು ಎಚ್ಚರಿಕೆಗಳು

ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಎಂದೂ ಬಿಚ್ಚಬೇಡಿ. ವೋಲ್ಟೇಜ್ ಏರಿ ಬಲ್ಬುಗಳು ಸುಡಬಹುದು. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುತ್ತದೆ, ಹತ್ತಿರ ಬೆಂಕಿ, ಕಿಡಿ ಸಲ್ಲದು. ಬ್ಯಾಟರಿಯ ಆಮ್ಲ ಚರ್ಮಕ್ಕೂ ಕಣ್ಣಿಗೂ ಅಪಾಯ. ಪೆಟ್ರೋಲಿನಿಂದ ಒರೆಸುವ ಕೆಲಸವನ್ನು ಬಯಲಿನಲ್ಲಿ, ಬ್ಯಾಟರಿ ಬಿಚ್ಚಿಟ್ಟು, ಹಿರಿಯರ ಜೊತೆಯಲ್ಲಿ ಮಾಡಿ. ತಿರುಗುವ ಭಾಗಗಳ ಬಳಿ ದುಪಟ್ಟಾ, ಸಡಿಲ ತೋಳು ಬೇಡ. ರೆಗ್ಯುಲೇಟರಿನ ಸ್ಕ್ರೂಗಳನ್ನು ತಿರುಗಿಸುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಕೈಪಿಡಿಯ ತಂತಿ ನಕ್ಷೆ ನೋಡದೆ ಯಾವ ಎರಡು ತುದಿಗಳನ್ನೂ ನೇರವಾಗಿ ಜೋಡಿಸಬಾರದು. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಹಳೆಯ ಬೈಕುಗಳಿಗೆ ಈಗ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕುವವರಿದ್ದಾರೆ, 12 ವೋಲ್ಟಿಗೆ ಬದಲಾಯಿಸುವವರೂ ಇದ್ದಾರೆ. ಭಾಗಗಳು ಬದಲಾದರೂ ಹುಡುಕುವ ಕ್ರಮ ಬದಲಾಗುವುದಿಲ್ಲ. ಮಳೆ ಬಂದಾಗ ಮಾತ್ರ ಕೈಕೊಡುವ ಪಂಪ್‌ಸೆಟ್ಟಿಗೂ, ಸಂಜೆ ಮಾತ್ರ ಮಿಣುಕುವ ಮನೆಯ ದೀಪಕ್ಕೂ ಇದೇ ಕ್ರಮ ಅನ್ವಯಿಸುತ್ತದೆ. ಅಲ್ಲಿ ಮಾತ್ರ ಅಪಾಯಕಾರಿ ವೋಲ್ಟೇಜ್ ಇರುವುದರಿಂದ ಗಮನಿಸಿ ಬರೆದಿಡುವುದು ನಿಮ್ಮ ಕೆಲಸ, ಮುಟ್ಟುವುದು ಎಲೆಕ್ಟ್ರಿಷಿಯನ್ನರ ಕೆಲಸ.

ಯೋಚಿಸಿ ನೋಡಿ

1. ಕೀಲಿ ತಿರುಗಿಸಿದಾಗ ಕೆಂಪು ದೀಪ ಹೊತ್ತುವುದಿಲ್ಲ, ಬಲ್ಬ್ ಚೆನ್ನಾಗಿದೆ. ಇಂಜಿನ್ನನ್ನು ಕೈಯಿಂದ ಸ್ವಲ್ಪ ತಿರುಗಿಸಿದಾಗ ದೀಪ ಹೊತ್ತಿತು. ದೋಷ ಎಲ್ಲಿರಬಹುದು?

2. ಒಂದು ಜೋಡಣೆಯ ರೋಧ 0.1 ಓಮ್. 36 ವ್ಯಾಟ್ ಹೊರೆಗೆ 6 ವೋಲ್ಟ್ ವ್ಯವಸ್ಥೆಯಲ್ಲೂ 12 ವೋಲ್ಟ್ ವ್ಯವಸ್ಥೆಯಲ್ಲೂ ಆ ಜೋಡಣೆಯಲ್ಲಿ ಹುಟ್ಟುವ ಶಾಖವೆಷ್ಟು?

3. ಬೈಕೊಂದರ ಕೆಂಪು ದೀಪ ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದಾಗ ಮಾತ್ರ ಹೊತ್ತುತ್ತದೆ. ನಾಲ್ಕು ಸಂದರ್ಭಗಳಲ್ಲಿ ಇದು ಯಾವುದು? ಮೊದಲು ಏನನ್ನು ಪರೀಕ್ಷಿಸುವಿರಿ?